ಸಹಾಯ ಬೇಕು: ಹಳೇ ಪಿಸಿಗೆ ಎಸ್‌ಎಸ್‌ಡಿ ಒಂದೇ ಸಾಕಾ, ರ‍್ಯಾಮೂ ಹಾಕ್ಬೇಕಾ?

ನಮಸ್ಕಾರ, ನಮ್ದು ದಾವಣಗೆರೆ. ಮನೆ ಪಿಸಿ ಐ5 4460 ಪ್ರೊಸೆಸರ್, 4 ಜಿಬಿ ಡಿಡಿಆರ್3 (ಹಳೇ ತರದ) ರ‍್ಯಾಮ್, 1 ಟಿಬಿ ಹಾರ್ಡ್‌ಡಿಸ್ಕ್. ಮಗಳ ಕೋಡಿಂಗು, ನನ್ನ ಜಿಎಸ್‌ಟಿ ಲೆಕ್ಕ ಅಷ್ಟೇ. ಗೇಮ್ ಗೀಮ್ ಇಲ್ಲ. ಆನ್ ಮಾಡಿ ಒಂದು ಪ್ಲೇಟ್ ಮಂಡಕ್ಕಿ-ಮಿರ್ಚಿ ಮುಗಿಸಿದ್ರೂ ಡೆಸ್ಕ್‌ಟಾಪ್ ಬರಲ್ಲ. ಟಾಸ್ಕ್ ಮ್ಯಾನೇಜರಲ್ಲಿ ಡಿಸ್ಕ್ 100% ಅಂತ ನಿಂತಿರುತ್ತೆ, ಪ್ರೊಸೆಸರ್ ಮಾತ್ರ ಆರಾಮಾಗಿರುತ್ತೆ. ವಿಂಡೋಸ್ ಹೊಸದಾಗಿ ಹಾಕ್ಸಿದೆ, ಸ್ಟಾರ್ಟಪ್ ಆಪ್ ಎಲ್ಲಾ ತೆಗೆದೆ, ಏನೂ ಫರಕ್ ಇಲ್ಲ. ಅಂಗಡಿಯವ್ರು ‘ಪೂರ್ತಿ ಹೊಸದೇ ತಗೊಳ್ಳಿ’ ಅಂತಾರೆ. ಅವ್ರು ಇನ್ನೇನ್ ಹೇಳ್ತಾರೆ ಬಿಡಿ.

ಹಾರ್ಡ್‌ಡಿಸ್ಕ್ ಬದಲು ಅದಕ್ಕಿಂತ ಜೋರಾಗಿ ಓಡೋ ಎಸ್‌ಎಸ್‌ಡಿ ಹಾಕೋಣ ಅಂತಿದೀನಿ. ಸಾಟಾ (ಹಾರ್ಡ್‌ಡಿಸ್ಕ್ ಕೇಬಲ್ಲಿಗೇ ಸಿಗಿಸೋ) ಎಸ್‌ಎಸ್‌ಡಿ ನಾಳೆ ಹೊಸ ಮದರ್‌ಬೋರ್ಡಿಗೂ ಆಗುತ್ತೆ, ಡಿಡಿಆರ್3 ರ‍್ಯಾಮ್ ಆಗಲ್ಲ. ಅದರ ಮೇಲೆ ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್‌ಗೇ ಮುಗಿದಿದೆ, 11ಕ್ಕೆ ಈ ಪ್ರೊಸೆಸರ್ ಲಿಸ್ಟಲ್ಲೇ ಇಲ್ಲ. ಇಂಥ ಪಿಸಿಗೆ ರ‍್ಯಾಮ್‌ಗೂ ದುಡ್ಡು ಹಾಕೋದಾ? ನಾನು ಸಿಕ್ಕಾಕ್ಕೊಂಡಿರೋದು ಇಲ್ಲೇ.

ಎಸ್‌ಎಸ್‌ಡಿ ಒಂದೇ ಹಾಕಿ 4 ಜಿಬಿಲೇ ಇನ್ನೊಂದೆರಡು ವರ್ಷ ತಳ್ಳಬಹುದಾ, ಇಲ್ಲ ಸೆಕೆಂಡ್‌ಹ್ಯಾಂಡ್ ರ‍್ಯಾಮ್ ತಂದು 8 ಮಾಡ್ಲೇಬೇಕಾ? ಇಂಥದ್ದೇ ಮಷೀನ್ ಓಡಿಸ್ತಿರೋರು ಹೇಳಿ.