ಪ್ರೇಮ್ ದಾನ್‌ನಲ್ಲಿ ಸೇವೆ: ಹೋಗಿ ಬಂದವರು ಸ್ವಲ್ಪ ಹೇಳಿ

ಡಿಸೆಂಬರ್‌ನಲ್ಲಿ ಒಂದು ವಾರ ಕೋಲ್ಕತ್ತಾಗೆ ಹೋಗುತ್ತಿದ್ದೇವೆ, ನಾನು ಮತ್ತು ಮಗಳು. ಮದರ್ ತೆರೇಸಾ ಕಟ್ಟಿದ ಮಿಷನರೀಸ್ ಆಫ್ ಚಾರಿಟಿಯವರು ಕಾಯಿಲೆಯವರನ್ನು, ದಿಕ್ಕಿಲ್ಲದವರನ್ನು ನೋಡಿಕೊಳ್ಳುವ ಪ್ರೇಮ್ ದಾನ್‌ನಲ್ಲಿ ಎರಡು ದಿನ ಕೆಲಸ ಮಾಡಬೇಕು ಅನ್ನುವುದು ಅವಳ ಆಸೆ. ಅವಳಿಗೆ 19 ವರ್ಷ. ನಾವು ಕ್ರೈಸ್ತರಲ್ಲ, ಬಂಗಾಳಿ ಬರುವುದಿಲ್ಲ. ಎರಡೇ ದಿನಕ್ಕೆ ಹೋದರೆ ಅವರಿಗೆ ತೊಂದರೆ ಆಗುತ್ತದಾ? ಏನು ತಗೊಂಡು ಹೋಗಬೇಕು?

* * *

ಖಂಡಿತ ಹೋಗಿ ಅಕ್ಕಾ. ನಾನು ಮೂರು ವಾರ ಅಲ್ಲಿದ್ದೆ. ನಿಮ್ಮ ಜಾತಿ, ಧರ್ಮ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಮದರ್ ಹೌಸ್‌ನಲ್ಲಿ, ಅಂದರೆ ಸಿಸ್ಟರ್‌ಗಳ ಮುಖ್ಯ ಮಠದಲ್ಲಿ, ಪೂಜೆ ಇರುತ್ತದೆ, ಕೂರುವುದು ಬಿಡುವುದು ನಿಮ್ಮ ಇಷ್ಟ. ಆಮೇಲೆ ಚಹಾ, ಬ್ರೆಡ್ಡು, ಬಾಳೆಹಣ್ಣು ಕೊಡುತ್ತಾರೆ. ಅಲ್ಲಿಂದ ಎಲ್ಲರೂ ಗುಂಪಾಗಿ ಪ್ರೇಮ್ ದಾನ್‌ಗೆ ಹೊರಡುತ್ತಾರೆ. ರೈಲು ಹಳಿ ಪಕ್ಕದ ಕೊಳೆಗೇರಿ ದಾಟಿ ಹೋಗಬೇಕು. ದಯವಿಟ್ಟು ಆ ದಾರಿಯಲ್ಲಿ ಮೊಬೈಲ್ ಚೀಲದಲ್ಲೇ ಇರಲಿ. ಹಳಿ ಪಕ್ಕದಲ್ಲೇ ಒಲೆ ಹಚ್ಚಿರುತ್ತಾರೆ, ಮಕ್ಕಳಿಗೆ ಸ್ನಾನ ಮಾಡಿಸುತ್ತಿರುತ್ತಾರೆ. ನಮಗೆ ಅದು ದಾರಿ, ಅವರಿಗೆ ಮನೆಯಂಗಳ.

ಮೊದಲ ಕೆಲಸ ಬಟ್ಟೆ ಒಗೆಯುವುದು. ನಾನಿದ್ದಾಗ ಎಲ್ಲ ಕೈಯಲ್ಲೇ. ಸಿಮೆಂಟಿನ ತೊಟ್ಟಿಗಳ ಸಾಲು. ಒಂದರಲ್ಲಿ ಸೋಪಿನ ನೀರು, ಮುಂದಿನದರಲ್ಲಿ ಜಾಲಿಸುವುದು, ಇನ್ನೊಂದು ಸಲ ಜಾಲಿಸುವುದು. ಹೊದಿಕೆ ಹಿಂಡಲು ಇಬ್ಬರು ಬೇಕು. ಎದುರುಬದುರು ನಿಂತು ಒಂದೊಂದು ತುದಿ ಹಿಡಿದು ಇಬ್ಬರೂ ತಮ್ಮ ತಮ್ಮ ಬಲಕ್ಕೆ ತಿರುಚಬೇಕು. ನನ್ನ ಎದುರು ಒಬ್ಬ ಕೊರಿಯಾದ ಹುಡುಗಿ ಇದ್ದಳು, ಒಬ್ಬರ ಮಾತು ಒಬ್ಬರಿಗೆ ಗೊತ್ತಿಲ್ಲ. ಮೂರನೇ ಹೊದಿಕೆ ಹೊತ್ತಿಗೆ ಕೈ ತಾನಾಗಿ ಕೂಡಿ ಬಂತು. ಆಮೇಲೆ ಬಕೆಟ್ ಹೊತ್ತು ತಾರಸಿಗೆ. ಮಗಳಿಗೆ ಒದ್ದೆಯಾದರೂ ಪರವಾಗಿಲ್ಲ ಅನ್ನುವ ಚೂಡಿದಾರ್, ಜಾರದ ಚಪ್ಪಲಿ ಇರಲಿ.

* * *

ನಾನು ನರ್ಸ್, ಕಾಳಿಘಾಟಿನ ನಿರ್ಮಲ್ ಹೃದಯದಲ್ಲಿ ಸೇವೆ ಮಾಡಿದ್ದೆ. ಕಾಳಿ ದೇವಸ್ಥಾನದ ಪಕ್ಕದಲ್ಲೇ ಇದೆ. 1952ರಲ್ಲಿ ಮದರ್ ಅದನ್ನು ಶುರು ಮಾಡಿದ್ದು ಯಾತ್ರಿಕರ ಹಳೇ ಛತ್ರದಲ್ಲಿ. ಬೀದಿಯಲ್ಲಿ ಸಾಯುತ್ತಿದ್ದವರಿಗೆ ಅಂತ ಹುಟ್ಟಿದ ಮನೆ ಅದು.

ಎರಡೇ ದಿನಕ್ಕೆ ಹೋಗುವವರು ಒಂದು ವಿಷಯ ನೆನಪಿಡಿ: ಊಟ ಮಾಡಿಸುವ, ನೀರು ಕುಡಿಸುವ ಕೆಲಸ ತಾವಾಗಿಯೇ ಕೈಗೆತ್ತಿಕೊಳ್ಳಬೇಡಿ. ಮಲಗಿದ್ದ ಅಜ್ಜಿಯೊಬ್ಬರು ನೀರು ಕೇಳಿದರು. ನನಗೆ ಗೊತ್ತಿರಬೇಕಿತ್ತು, ಆದರೂ ಅವರ ತಲೆ ಎತ್ತಿ ಹಿಡಿಯದೆ ಲೋಟ ಬಾಯಿಗಿಟ್ಟೆ. ನೆತ್ತಿಗೇರಿತು. ಅಲ್ಲಿ ಕೆಲಸಕ್ಕಿರುವ ಹೆಂಗಸರನ್ನು ಮಾಶಿ ಅನ್ನುತ್ತಾರೆ, ಬಂಗಾಳಿಯಲ್ಲಿ ಚಿಕ್ಕಮ್ಮ ಅಂತ. ಒಬ್ಬ ಮಾಶಿ ಓಡಿ ಬಂದು ಅಜ್ಜಿಯನ್ನು ಕೂರಿಸಿ ಬೆನ್ನು ಸವರಿದರು. ನನ್ನನ್ನು ಬೈಯಲಿಲ್ಲ. ಚಮಚೆಯಲ್ಲಿ ಎಷ್ಟು ಹಾಕಬೇಕು ಅಂತ ಕೈ ಹಿಡಿದು ತೋರಿಸಿದರು. ಯಾರು ಏನು ನುಂಗಬಲ್ಲರು ಅನ್ನುವುದು ಮಾಶಿಗಳಿಗೆ ಗೊತ್ತು. ಅವರನ್ನು ಕೇಳದೆ ಏನೂ ಕೊಡಬೇಡಿ, ಬಿಸ್ಕತ್ತು ಕೂಡ.

ಭಾಷೆಯ ಚಿಂತೆ ಜಾಸ್ತಿ ಬೇಡ. ಜೋಲ್ ಅಂದರೆ ನೀರು, ನಮ್ಮ ಜಲ. ಬ್ಯಾಥಾ ಅಂದರೆ ನೋವು, ನಮ್ಮ ವ್ಯಥೆಯೇ ಅಲ್ವಾ?

* * *

ಸುಮ್ನೆ ಪ್ರೇಮ್ ದಾನ್ ಬಾಗಿಲಿಗೆ ಹೋಗಿ ನಿಲ್ಲಬೇಡಿ. ಮೊದಲು ಹೆಸರು ಬರೆಸಬೇಕು. ಅದರ ದಿನ, ವೇಳೆಯನ್ನು ಮದರ್ ಹೌಸ್‌ನಲ್ಲಿ ಕೇಳಿ. ವಿಳಾಸ 54ಎ, ಆಚಾರ್ಯ ಜಗದೀಶ್ ಚಂದ್ರ ಬೋಸ್ ರಸ್ತೆ. ಗುರುವಾರ ಸೇವೆಗೆ ರಜೆ, ಹಾಗಾಗಿ ದಿನ ಲೆಕ್ಕ ಹಾಕಿ ಟಿಕೆಟ್ ಮಾಡಿಸಿ.

ಅಲ್ಲೇ ಮದರ್ ಸಮಾಧಿ ಇದೆ. ಅವರಿದ್ದ ಕೋಣೆಯನ್ನೂ ನೋಡಿ. ಅಡುಗೆಮನೆಯ ಮೇಲಿನ ಪುಟ್ಟ ಕೋಣೆ, ಫ್ಯಾನ್ ಹಾಕಿಸಿಕೊಳ್ಳಲೇ ಇಲ್ಲ. ಕೋಲ್ಕತ್ತಾದ ಸೆಕೆ ಗೊತ್ತಿದ್ದವರಿಗೆ ಅದೇನು ಅಂತ ಅರ್ಥವಾಗುತ್ತದೆ. 1997ರಲ್ಲಿ ತೀರಿಕೊಳ್ಳುವವರೆಗೂ ಆ ಮನೆಯೇ ಅವರ ಮನೆ.

* * *

ತಗೊಂಡು ಹೋಗುವುದರ ಬಗ್ಗೆ: ಮನೆಯಲ್ಲಿ ಬೇಡವಾದ ಬಟ್ಟೆಯ ಗಂಟು ಬೇಡ. ಅದನ್ನು ಆರಿಸಿ ಬೇರೆ ಮಾಡುವುದೇ ಅವರಿಗೊಂದು ಕೆಲಸವಾಗುತ್ತದೆ. ಈಗ ಏನು ಬೇಕು ಅಂತ ಸಿಸ್ಟರ್‌ಗಳನ್ನು ಕೇಳಿ, ಅಲ್ಲೇ ಕೊಂಡು ಕೊಡಿ.

* * *

ತುಂಬಾ ಥ್ಯಾಂಕ್ಸ್. ಮಗಳು ಎಲ್ಲ ಓದಿದಳು. ಒಗೆದ ಮೇಲೆ ಏನು ಮಾಡುವುದು, ಸುಮ್ಮನೆ ಕೂರುವುದಾ ಅಂತ ಕೇಳುತ್ತಿದ್ದಾಳೆ.

* * *

ಬಟ್ಟೆ ಒಗೆದಿದ್ದೆ ಅಂದೆನಲ್ಲ, ಅವಳೇ ನಾನು. ಅದು ಮುಗಿದ ಮೇಲೆ ಹೆಂಗಸರ ಕಡೆ ಹೋಗಿ ಕೂರಲಿ. ತಲೆಗೆ ಎಣ್ಣೆ ಹಚ್ಚುವುದು, ಉಗುರು ಕತ್ತರಿಸುವುದು, ಬಣ್ಣ ಹಚ್ಚುವುದು ಇದ್ದೇ ಇರುತ್ತದೆ. ಒಬ್ಬ ಅಜ್ಜಿ ಎಡಗೈಗೆ ಬಣ್ಣ ಹಚ್ಚಿಸಿಕೊಂಡು ಬಲಗೈ ಮಾತ್ರ ಸೆರಗಿನೊಳಗೆ ಮುಚ್ಚಿಟ್ಟುಕೊಂಡರು. ನೋವೇನೋ ಅಂದುಕೊಂಡೆ. ಮಾಶಿ ನಕ್ಕು ಹೇಳಿದರು, 'ಅದು ನಾಳೆಗಂತೆ, ನೀನು ಬರಲೇಬೇಕಲ್ಲ.' ಅದಕ್ಕೇ ಅಕ್ಕಾ, ಸಾಧ್ಯವಾದರೆ ಎರಡು ದಿನವನ್ನು ಮೂರು ಮಾಡಿಕೊಳ್ಳಿ.