ತಂಗಿಗೆ ಯೋಕ್ ಸ್ಯಾಕ್ ಟ್ಯೂಮರ್, ಅನುಭವ ಇದ್ದವರು ಹೇಳಿ

ಕುಮಟಾದ ಅಕ್ಕ:
ತಂಗಿಗೆ 19. ಬಲ ಅಂಡಾಶಯದ ಗಡ್ಡೆ ತೆಗೆದಾಯ್ತು. ಬಯಾಪ್ಸಿಯಲ್ಲಿ ಯೋಕ್ ಸ್ಯಾಕ್ ಟ್ಯೂಮರ್, ಅಂಡಾಶಯದ ಒಂದು ಜಾತಿ ಕ್ಯಾನ್ಸರ್. ಬ್ಲಿಯೊಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್ ಮೂರೂ ಸೇರಿದ ಬಿಇಪಿ ಕಿಮೋ ಬೇಕು ಅಂದಿದಾರೆ. ಮಣಿಪಾಲವೋ ಹುಬ್ಬಳ್ಳಿಯೋ ಗೋವಾವೋ? ಮುಂದೆ ಮಕ್ಕಳಾಗ್ತವಾ?

ಶಿರಸಿಯ ತಾಯಿ:
ನಮ್ಮ ಕೂಸಿಗೆ 17, 2022ರಲ್ಲಿ. ಹೊಟ್ಟೆ ಉಬ್ಬಿದೆ ಅಂದ್ರೆ ಗ್ಯಾಸಿನ ಮಾತ್ರೆ ಕೊಟ್ಟು ಒಂದೂವರೆ ತಿಂಗಳು ಕಳೆದರು. ಸ್ಕ್ಯಾನ್ ಮಾಡಿಸಿದ್ರೆ 16 ಸೆಂಟಿಮೀಟರ್ ಗಡ್ಡೆ. ಡಿಸ್‌ಜರ್ಮಿನೋಮಾ, ಅದೂ ಅಂಡಾಶಯದ್ದೇ ಒಂದು ಕ್ಯಾನ್ಸರ್. ಎಡದ ಅಂಡಾಶಯ ಮಾತ್ರ ತೆಗೆದು ಗರ್ಭಕೋಶ ಉಳಿಸಿದ್ರು. ಸ್ಟೇಜ್ 1ಎ, ಅಂದ್ರೆ ಒಂದೇ ಅಂಡಾಶಯದ ಒಳಗಿದೆ, ಕಿಮೋ ಬೇಡ, ಕಣ್ಣಿಟ್ಟಿರೋಣ ಅಂದ್ರು. ಮನೆಯಲ್ಲಿ ಅದಕ್ಕೇ ಜಗಳ. ದುಡ್ಡಿನ ಮುಖ ನೋಡ್ತೀರಿ ಅಂತ ಮೈದುನ ಅಂದಿದ್ದು ಇವತ್ತಿಗೂ ಮರೆತಿಲ್ಲ. ಆಪರೇಷನ್ನಿಗೆ 1,38,000, ಕಾರಿನ ಬಾಡಿಗೆ ಸಲಕ್ಕೆ 6,500. ನಾಲ್ಕು ಕ್ವಿಂಟಲ್ ಚಾಲಿ ಅಡಿಕೆ ಅದಕ್ಕೇ ಹೋಯ್ತು, ಮೇಲಿಂದ ಸೊಸೈಟಿ ಸಾಲ. ಎರಡೆರಡು ತಿಂಗಳಿಗೆ ಎಲ್‌ಡಿಎಚ್ ಅನ್ನೋ ರಕ್ತ ಪರೀಕ್ಷೆ, ಸ್ಕ್ಯಾನ್. ಕೂಸು ಈಗ ಬಿಎಸ್ಸಿ ಓದ್ತಾ ಇದೆ, ಒಂದು ಕೂದಲೂ ಉದುರಲಿಲ್ಲ. ಅವಸರ ಮಾಡಿ ಕಿಮೋಗೆ ಕೂರಿಸಬೇಡಿ.

ಕಾರವಾರದವಳು:
ದಯವಿಟ್ಟು ಹೀಗೆ ಬರೀಬೇಡಿ! ನಿಮ್ಮದು ಡಿಸ್‌ಜರ್ಮಿನೋಮಾ, ಇವರದ್ದು ಯೋಕ್ ಸ್ಯಾಕ್. ಇದು ಕಾಯೋ ಜಾತಿ ಅಲ್ಲ. 22ಕ್ಕೆ ನನಗೆ ಬಂದಿದ್ದೂ ಇದೇ. ಆಪರೇಷನ್ ಆದಮೇಲೂ ರಕ್ತದಲ್ಲಿ ಈ ಗಡ್ಡೆಯ ಗುರುತು ತೋರಿಸೋ ಎಎಫ್‌ಪಿ 8,400 ಇತ್ತು, ತುಂಬಾ ಜಾಸ್ತಿ. ನಾಲ್ಕು ಸುತ್ತು ಬಿಇಪಿ. 21 ದಿನಕ್ಕೊಂದು ಸುತ್ತು, ಐದು ದಿನ ಅಡ್ಮಿಟ್, ಆಮೇಲೆ ಬರೀ ಬ್ಲಿಯೊಮೈಸಿನ್ ಚುಚ್ಚಿಸಿಕೊಳ್ಳೋಕೆ ವಾರವಾರ ಮತ್ತೆ ಬಸ್ಸು. ಎರಡನೇ ಸುತ್ತಿಗೆ ಬಿಳಿ ರಕ್ತಕಣ ಇಳಿದು ಜ್ವರ, ಒಂಬತ್ತು ದಿನ ಐಸೊಲೇಷನ್. ಗ್ಲೌಸು, ಆ್ಯಂಟಿಬಯೋಟಿಕ್, ಬೆಡ್ಡು ಸೇರಿ 46,000 ಬರೀ ಆ ಜ್ವರಕ್ಕೆ. ಸಿಸ್‌ಪ್ಲಾಟಿನ್‌ನಿಂದ ಕಿವಿಯಲ್ಲಿ ಗುಂಯ್ ಅನ್ನೋದು ಇನ್ನೂ ಹೋಗಿಲ್ಲ. ಮುಟ್ಟು ನಿಂತು ಏಳು ತಿಂಗಳಿಗೆ ತಿರುಗಿ ಬಂತು. ಮಗಳಿಗೆ ಈಗ ಎರಡು ವರ್ಷ. ಸಿಸೇರಿಯನ್ ದಿನ ಅರಿವಳಿಕೆ ಡಾಕ್ಟರಿಗೆ ಮೊದಲು ಹೇಳಿದ್ದೇ ಬ್ಲಿಯೊಮೈಸಿನ್ ವಿಷಯ. ಆಕ್ಸಿಜನ್ ಜಾಸ್ತಿ ಕೊಟ್ಟರೆ ಶ್ವಾಸಕೋಶಕ್ಕೆ ಕಷ್ಟ ಅಂತ ಕಿಮೋ ಮುಗಿದು ಡಿಸ್ಚಾರ್ಜ್ ಆಗುವಾಗಲೇ ಬರೆದುಕೊಟ್ಟಿದ್ರು.

ಶಿರಸಿಯ ತಾಯಿ:
ನಾನು ಕಿಮೋ ಬೇಡ ಅಂತ ಡಾಕ್ಟರ್‌ಗಿರಿ ಮಾಡಿಲ್ಲ ತಂಗಿ. ನಮ್ಮ ಮನೆಯದ್ದು ಹೇಳಿದೆ ಅಷ್ಟೇ.

ಕಾರವಾರದವಳು:
"ಕೂರಿಸಬೇಡಿ" ಅಂತ ಬರೆದದ್ದು ನೀವೇ. ಓದಿದವರು ಒಂದು ತಿಂಗಳು ತಡ ಮಾಡಿದ್ರೆ?

ಅಂಕೋಲಾದಿಂದ:
ನೀವಿಬ್ಬರೂ ಪುಣ್ಯವಂತರು. ನನ್ನ ಹೆಂಡತಿಗೆ 29ಕ್ಕೆ ಗ್ರಾನ್ಯುಲೋಸಾ ಸೆಲ್, ಅಂಡಾಶಯದ ಇನ್ನೊಂದು ಜಾತಿ ಕ್ಯಾನ್ಸರ್ ಗಡ್ಡೆ. ಸಾದಾ ನೀರುಗುಳ್ಳೆ ಅಂತ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಪ್ರೊಸ್ಕೋಪಿ ಮಾಡಿ ಗಡ್ಡೆಯನ್ನ ಒಳಗೇ ಒಡೆದರು. ಮೊದಲು ಈ ಗಡ್ಡೆಯ ಗುರುತು ಹಿಡಿಯೋ ಇನ್‌ಹಿಬಿನ್ ರಕ್ತ ಟೆಸ್ಟೂ ಇಲ್ಲ, ಬ್ಯಾಗಿನಲ್ಲಿ ಹಾಕಿ ತೆಗೀಲೂ ಇಲ್ಲ. ಸ್ಟೇಜ್ 1ಎ ಆಗಬೇಕಾದ್ದು, ಗಡ್ಡೆ ಒಡೆದಿದ್ದಕ್ಕೆ 1ಸಿ ಆಯ್ತು. ಗರ್ಭಕೋಶ, ಎರಡೂ ಅಂಡಾಶಯ ಎಲ್ಲ ಹೋಯ್ತು. ನಮಗೆ ಮಕ್ಕಳಿರಲಿಲ್ಲ. ಒಂಬತ್ತು ವರ್ಷ ಆದಮೇಲೆ ತಿರುಗಿ ಬಂತು. ಇದು ಹಾಗೇ, ಹತ್ತಿಪ್ಪತ್ತು ವರ್ಷ ಕಳೆದೂ ಬರ್ತದೆ. ಐದು ವರ್ಷ ಆಯ್ತು, ಗೆದ್ದೆವು ಅಂತ ಪೇಡಾ ಹಂಚಿದವರು ನಾವು.
ಆಸ್ಪತ್ರೆ ಯಾವುದು ಅಂತ ಆಮೇಲೆ ನೋಡಿ. ಆಯುಷ್ಮಾನ್ ಕಾರ್ಡಿಗೆ ಸರಕಾರಿ ಆಸ್ಪತ್ರೆಯ ರೆಫರಲ್ ಮೊದಲೇ ಮಾಡಿಸಿ. ಬಿಪಿಎಲ್ ಇದ್ರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜಿನ 30 ಪರ್ಸೆಂಟ್ ಮಾತ್ರ. ನಾವು ಅಡ್ಮಿಟ್ ಆದಮೇಲೆ ಓಡಾಡಿ 1,12,000 ಕೈಯಿಂದ ಕಟ್ಟಿದೆವು.

ಹೊನ್ನಾವರದಿಂದ:
ಜಿಲ್ಲೆಯಲ್ಲೇ ದೊಡ್ಡಾಸ್ಪತ್ರೆ ಇದ್ದಿದ್ರೆ ಈ ಮಾತೇ ಬರ್ತಿರಲಿಲ್ಲ. ಓಟು ಹಾಕೋವಾಗ ಯಾರಿಗೂ ನೆನಪಿರೋದಿಲ್ಲ.

ಅಂಕೋಲಾದಿಂದ:
ಓಟಿನ ಮಾತು ಇಲ್ಲಿ ಬೇಡ. 2024ರ ಜುಲೈ 16ಕ್ಕೆ ಶಿರೂರು ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಮಣಿಪಾಲದ ಚೆಕಪ್ಪಿಗೆ ಯಲ್ಲಾಪುರ-ಶಿರಸಿ ಸುತ್ತಿ ಹೋದವನು ನಾನು, ವಾಂತಿ ಮಾಡೋ ಹೆಂಡತಿಯನ್ನ ಹಿಂದಿನ ಸೀಟಲ್ಲಿ ಮಲಗಿಸಿಕೊಂಡು.

ಹೊನ್ನಾವರದಿಂದ:
ಅದಕ್ಕೇ ತಾನೇ ಹೇಳಿದ್ದು! ನಿಮ್ಮ ಕಷ್ಟ ನಾನು ಅಲ್ಲಗಳೆದೆನಾ?

ಶಿರಸಿಯ ತಾಯಿ:
ಕುಮಟಾದವರೇ, "ಕೂರಿಸಬೇಡಿ" ಅಂದಿದ್ದು ತಪ್ಪಾಯ್ತು, ತೆಗೀತೇನೆ. ನಾಳೆ ಕೂಸಿನ ಎಲ್‌ಡಿಎಚ್ ರಿಪೋರ್ಟ್ ಬರೋದಿದೆ. ರಿಪೋರ್ಟಿನ ಹಿಂದಿನ ದಿನ ನಾನು ಹೀಗೇ.

ಕುಮಟಾದ ಅಕ್ಕ:
ಎಎಫ್‌ಪಿ ಈಗ ಬಂತು, 2,150. ಸೋಮವಾರ ಅಡ್ಮಿಟ್. ಕಾರವಾರದ ಅಕ್ಕ, ಐದು ದಿನ ಊಟ ಏನು ಸೇರ್ತಿತ್ತು ನಿಮಗೆ?

ಕಾರವಾರದವಳು:
ತೆಳ್ಳಗಿನ ಗಂಜಿ, ಉಪ್ಪಿನಲ್ಲಿಟ್ಟ ಮಾವಿನಕಾಯಿ. ಮೀನಿನ ವಾಸನೆ ಹತ್ತಿರ ತರಬೇಡಿ.