ಪುಟ್ಟು ಕೇಳಿದ್ದಕ್ಕೆ: ಸಾಗರದ ಮನೆಯ ಕ್ಯಾಸೆಟ್ಟು, ಫೋಟೊ ಎಲ್ಲ ಟಿವಿಗೆ ತರೋದು

ಪುಟ್ಟು, ಬೆಳಿಗ್ಗೆ ನೀನು ಗ್ರೂಪಲ್ಲಿ ಹಾಕಿದ್ದು ಈಗ ನೋಡ್ದೆ. ಸಾಗರದ ಮನೆ ಬೀರುವಿನಲ್ಲಿರೋ ವಿಡಿಯೋ ಕ್ಯಾಸೆಟ್ಟು, ಸಿಡಿ, ಆಲ್ಬಮ್ಮು, ಎಲ್ಲರ ಫೋನಲ್ಲಿ ತುಂಬಿಕೊಂಡಿರೋ ಫೋಟೊ, ಜೊತೆಗೆ ಚಿಕ್ಕಪ್ಪ ಕೂಡಿಟ್ಟಿರೋ ಸಿನಿಮಾ ಡಿವಿಡಿ, ಇಷ್ಟನ್ನೂ ಒಂದು ಕಡೆ ಸೇರಿಸಿ ಹಾಲಿನ ಟಿವಿಯಲ್ಲಿ ನೋಡೋ ಹಾಗೆ ಮಾಡ್ಬೇಕು, ಯಾವ ಬಾಕ್ಸ್ ತಗೊಳ್ಳಲಿ ಅಂತ ಕೇಳಿದೀಯ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ, ಅದಕ್ಕೇ ಮಾತಾಡ್ತಿದೀನಿ. ಉದ್ದ ಇದೆ, ಊಟ ಆದ್ಮೇಲೆ ಕೇಳಿದ್ರೂ ಆಯ್ತು. ದೊಡ್ಡಪ್ಪ, ನೀವೂ ಕೇಳಿ, ಇದರಲ್ಲಿ ನಿಮಗೂ ಒಂದು ದೊಡ್ಡ ಕೆಲಸ ಇದೆ.

ಮೊದಲನೇದು, ಬಾಕ್ಸ್ ಈಗಲೇ ತಗೋಬೇಡ. ನಿನ್ನ ಹಳೇ ಲ್ಯಾಪ್‌ಟಾಪ್ ಇದೆಯಲ್ಲ, ಸ್ಕ್ರೀನ್ ಹೋಗಿರೋದು, ಅದೇ ಸಾಕಾಗಬಹುದು. ಇಂಟೆಲ್ 7ನೇ ಜನರೇಶನ್ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್, 8 ಜಿಬಿ ರ‍್ಯಾಮ್ ಇದ್ರೆ ನಮ್ಮ ಮನೆಗೆ ಬೇಕಾದಷ್ಟಾಯ್ತು. ಯಾಕೆ 7ನೇ ಜನರೇಶನ್ ಅಂತೀನಿ ಅಂದ್ರೆ, ಒಂದು ವಿಡಿಯೋ ಟಿವಿಗೆ ಅರ್ಥ ಆಗೋ ಫಾರ್ಮ್ಯಾಟಲ್ಲಿದ್ರೆ ಸರ್ವರ್, ಅಂದ್ರೆ ಫೈಲೆಲ್ಲ ಇಟ್ಟುಕೊಂಡು ಟಿವಿಗೆ ಕಳಿಸೋ ಆ ಲ್ಯಾಪ್‌ಟಾಪ್, ಅದನ್ನ ಹಾಗೇ ಕಳಿಸಿಬಿಡುತ್ತೆ, ಶ್ರಮವೇ ಇಲ್ಲ. ಅರ್ಥ ಆಗದಿದ್ರೆ ನಾವು ನೋಡ್ತಾ ಇರೋವಾಗಲೇ ಬೇರೆ ಫಾರ್ಮ್ಯಾಟಿಗೆ ಬದಲಾಯಿಸ್ತಾ ಕಳಿಸ್ಬೇಕು, ಟ್ರಾನ್ಸ್‌ಕೋಡಿಂಗ್ ಅನ್ನೋದು ಅದನ್ನೇ. ಐಫೋನಲ್ಲಿ ತೆಗೆದ, ಹೊಸ ಬಗೆಯಲ್ಲಿ ಕುಗ್ಗಿಸಿಟ್ಟ ಎಚ್‌ಇವಿಸಿ ವಿಡಿಯೋಗಳು ಹಳೇ ಟಿವಿಗಳಲ್ಲಿ ತಡವರಿಸೋದು ಇಲ್ಲೇ. ಇಂಟೆಲ್ ಚಿಪ್ಪಲ್ಲಿ ಆ ಕೆಲಸಕ್ಕೇ ಅಂತ ಕ್ವಿಕ್ ಸಿಂಕ್ ಅನ್ನೋ ಭಾಗ ಇದೆ, 7ನೇ ಜನರೇಶನ್ನಿಂದ ಅದು ಬಣ್ಣದ ವಿವರ ಹೆಚ್ಚಿರೋ 10 ಬಿಟ್ ಎಚ್‌ಇವಿಸಿಯನ್ನೂ ನಿಭಾಯಿಸುತ್ತೆ. ರಾಸ್ಪ್‌ಬೆರಿ ಪೈ ಅನ್ನೋ ಅಂಗೈ ಗಾತ್ರದ ಕಂಪ್ಯೂಟರ್ ಸಾಕಲ್ವಾ ಅಂತ ಬಾವ ಕೇಳಿದಾರೆ. ಬಾವ, ಪೈ 5ರಲ್ಲಿ ವಿಡಿಯೋನ ಬೇರೆ ಫಾರ್ಮ್ಯಾಟಿಗೆ ಎನ್‌ಕೋಡ್ ಮಾಡೋ ಹಾರ್ಡ್‌ವೇರನ್ನೇ ಕೈಬಿಟ್ಟಿದಾರೆ, ಈ ಕೆಲಸಕ್ಕೆ ಅದು ಬೇಡ.

ಲ್ಯಾಪ್‌ಟಾಪ್ ಆದ್ರೆ ಇನ್ನೊಂದು ಅನುಕೂಲ, ಕರೆಂಟ್ ಹೋದ್ರೂ ಬ್ಯಾಟರಿ ಇರುತ್ತೆ, ಫೈಲ್ ಬರೀತಾ ಇರೋವಾಗ ಮಧ್ಯದಲ್ಲಿ ಆಫ್ ಆಗಲ್ಲ. ಆದ್ರೆ ಬ್ಯಾಟರಿ ಉಬ್ಬಿದೆಯಾ ಅಂತ ಕೆಳಗೆ ಕೈ ಆಡಿಸಿ ನೋಡು, ಉಬ್ಬಿದ್ರೆ ಅಂಗಡಿಗೆ ಕೊಟ್ಟು ತೆಗೆಸಿಬಿಡು, ಅದನ್ನ ಹಗಲೂ ರಾತ್ರಿ ಚಾರ್ಜಲ್ಲಿ ಇಡೋದು ಅಪಾಯ. ಕರೆಂಟ್ ಬಿಲ್ಲಿನ ಚಿಂತೆ ಬೇಡ, 15 ವ್ಯಾಟ್ ಎಳೆದ್ರೆ ತಿಂಗಳಿಗೆ 11 ಯೂನಿಟ್ ಆಸುಪಾಸು. ರೌಟರಿಂದ ಅದಕ್ಕೆ ವೈರ್ ಎಳಿ, ವೈಫೈ ನಂಬ್ಕೋಬೇಡ. ಮಣ್ಣಿನ ಗೋಡೆ ದಾಟಿ ಒಳಕೋಣೆಗೆ ವೈಫೈ ಬರೋದು ಎಷ್ಟು ಕಷ್ಟ ಅಂತ ನಿನಗೇ ಗೊತ್ತು.

ಸಾಫ್ಟ್‌ವೇರ್ ಜೆಲ್ಲಿಫಿನ್ ಹಾಕು, ಸರ್ವರಲ್ಲಿರೋ ವಿಡಿಯೋ, ಸಿನಿಮಾ ಎಲ್ಲ ಜೋಡಿಸಿ ಟಿವಿಯಲ್ಲಿ ತೋರಿಸೋದು ಅದೇ. ಇದೇ ಕೆಲಸ ಮಾಡೋ ಪ್ಲೆಕ್ಸ್ ಚೆನ್ನಾಗಿಲ್ಲ ಅಂತಲ್ಲ, ಆದ್ರೆ ಅದು ಒಂದು ಕಂಪನಿಯ ಅಕೌಂಟಿಗೆ ಕಟ್ಟುಬಿದ್ದಿರುತ್ತೆ, 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗಿಂದ ನೋಡೋದಕ್ಕೆ ದುಡ್ಡು ಕೇಳ್ತಿದಾರೆ. ಜೆಲ್ಲಿಫಿನ್ ಹುಟ್ಟಿದ್ದೇ 2018ರ ಡಿಸೆಂಬರಲ್ಲಿ, ಎಂಬಿ ಅನ್ನೋ ಸಾಫ್ಟ್‌ವೇರಿನವರು ತಮ್ಮ ಕೋಡನ್ನ ಮುಚ್ಚಿಟ್ಟುಕೊಂಡಾಗ. ಅಲ್ಲಿವರೆಗೆ ತೆರೆದಿದ್ದ ಕೋಡನ್ನೇ ತಗೊಂಡು ಮುಂದುವರಿಸಿದವರ ಕೆಲಸ ಇದು. ಪೂರ್ತಿ ಉಚಿತ, ಆಂಡ್ರಾಯ್ಡ್ ಟಿವಿ, ಫೈರ್ ಟಿವಿ, ಎಲ್‌ಜಿ ಟಿವಿಗೆಲ್ಲ ಆ್ಯಪ್ ಇದೆ.

ಸಿನಿಮಾ ವಿಷಯ ಬೇಗ ಮುಗಿಸ್ತೀನಿ. ಒಂದೊಂದು ಸಿನಿಮಾಕ್ಕೂ ಒಂದೊಂದು ಫೋಲ್ಡರ್, ಹೆಸರು, ಪಕ್ಕದಲ್ಲಿ ಬ್ರ್ಯಾಕೆಟ್ಟಲ್ಲಿ ಬಿಡುಗಡೆಯಾದ ವರ್ಷ. ವರ್ಷ ಬಿಡಲೇಬೇಡ, ಕನ್ನಡದಲ್ಲಿ ಒಂದೇ ಹೆಸರಿನ ಸಿನಿಮಾ ಬೇರೆ ಬೇರೆ ಕಾಲದಲ್ಲಿ ಬಂದಿವೆ, ವರ್ಷ ಇಲ್ದಿದ್ರೆ ಒಂದರ ಪೋಸ್ಟರ್ ಇನ್ನೊಂದಕ್ಕೆ ಬಂದು ಕೂರುತ್ತೆ. ಚಿಕ್ಕಪ್ಪನ ಡಿವಿಡಿಗಳನ್ನ ಮೇಕ್‌ಎಂಕೆವಿ ಅನ್ನೋ ಸಾಫ್ಟ್‌ವೇರಲ್ಲಿ ತೆಗೆದ್ರೆ ಗುಣಮಟ್ಟ ಏನೂ ಕಡಿಮೆ ಆಗದೆ ಒಂದೇ ಫೈಲಾಗಿ ಬರುತ್ತೆ. ಇಷ್ಟೇ. ಸಿನಿಮಾ ಹಾಳಾದ್ರೆ ಎಲ್ಲಿಂದಾದ್ರೂ ಮತ್ತೆ ಸಿಗುತ್ತೆ, ಅದಕ್ಕೆ ಜಾಸ್ತಿ ತಲೆಕೆಡಿಸ್ಕೋಬೇಡ. ಅಜ್ಜ ಅಡಿಕೆ ಅಂಗಳದಲ್ಲಿ ನಿಂತು ಮಾತಾಡಿರೋದು ಮಾತ್ರ ಜಗತ್ತಲ್ಲಿ ಒಂದೇ ಒಂದು ಕ್ಯಾಸೆಟ್ಟಲ್ಲಿದೆ. ನಿನ್ನ ಶಕ್ತಿಯೆಲ್ಲ ಆ ಕಡೆ ಹೋಗ್ಲಿ. ಮನೆಯ ವಿಡಿಯೋಗೆ ಜೆಲ್ಲಿಫಿನ್ನಲ್ಲಿ ಬೇರೆಯದೇ ಲೈಬ್ರರಿ ಮಾಡು, ಅದರ ಬಗೆ ಹೋಮ್ ವಿಡಿಯೋಸ್ ಆ್ಯಂಡ್ ಫೋಟೋಸ್ ಅಂತ ಆರಿಸು. ಮೂವೀಸ್ ಅಂತ ಕೊಟ್ರೆ ನಿಮ್ಮಕ್ಕನ ಮದುವೆಗೂ ಯಾವುದೋ ಸಿನಿಮಾದ ಪೋಸ್ಟರ್ ಹುಡುಕ್ಕೊಂಡು ಬರುತ್ತೆ.

ಈಗ ಕ್ಯಾಸೆಟ್ಟು. ಇದು ಎಲ್ಲಕ್ಕಿಂತ ಅರ್ಜೆಂಟು ಕಣೋ. ಮಲೆನಾಡಿನ ಮಳೆಗಾಲ ಎಷ್ಟು ಕಂಡಿವೆ ಅವು! ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯಲ್ಲಿ ಟಾರ್ಚ್ ಹಾಕಿ ನೋಡು, ಸುತ್ತಿರೋ ಟೇಪಿನ ಅಂಚಲ್ಲಿ ಬಿಳಿ ಪುಡಿಯೋ ಚುಕ್ಕೆಯೋ ಕಂಡ್ರೆ ಅದು ಬೂಷ್ಟು. ಅಂಥದನ್ನ ಯಾವ ಕಾರಣಕ್ಕೂ ಕ್ಯಾಸೆಟ್ ಓಡಿಸೋ ವಿಸಿಆರಿಗೆ ಹಾಕಬೇಡ. ಟೇಪ್ ಓದೋ ಹೆಡ್ಡೂ ಹಾಳು, ಆ ಬೂಷ್ಟು ಮುಂದೆ ಹಾಕೋ ಕ್ಯಾಸೆಟ್ಟಿಗೂ ಹತ್ತುತ್ತೆ. ಬೇರೆ ಚೀಲಕ್ಕೆ ಹಾಕಿ ಪಕ್ಕಕ್ಕಿಡು, ಟೇಪ್ ಕ್ಲೀನ್ ಮಾಡಿಕೊಡೋರ ಹತ್ರ ಕೊಡಬೇಕು. ಚೆನ್ನಾಗಿರೋದಕ್ಕೆ ಮೊದಲು ಹಿಂದಿನ ಅಂಚಲ್ಲಿರೋ ಪ್ಲಾಸ್ಟಿಕ್ ಹಲ್ಲು ಮುರಿದುಬಿಡು, ಆಮೇಲೆ ಯಾರು ತಪ್ಪಿ ರೆಕಾರ್ಡ್ ಒತ್ತಿದ್ರೂ ಅದರ ಮೇಲೆ ರೆಕಾರ್ಡ್ ಆಗಲ್ಲ.

ಹೊಸ ವಿಸಿಆರ್ ಅಂತೂ ಸಿಗಲ್ಲ. ಜಪಾನಿನ ಫುನಾಯ್ ಕಂಪನಿ ಕೊನೆವರೆಗೂ ಮಾಡ್ತಿತ್ತು, ಅವರೂ 2016ರ ಜುಲೈಯಲ್ಲಿ ನಿಲ್ಲಿಸಿದ್ರು. ಈಗ ಓಡ್ತಾ ಇರೋ ಯಂತ್ರಗಳೆಲ್ಲ ಹಳೇವೇ, ರಿಪೇರಿ ಮಾಡೋ ಕೈಗಳೂ ಕಮ್ಮಿ ಆಗ್ತಿವೆ. ಅದಕ್ಕೇ ಈ ಮಳೆಗಾಲಕ್ಕೆ ಮುಂಚೆ ಮಾಡಿಸೋಣ ಅನ್ನೋದು ನನ್ನ ಹಠ.

ಸ್ಟುಡಿಯೋಗೆ ಕೊಟ್ಟು ಮಾಡಿಸೋದಾದ್ರೆ ಮಾತು ಸ್ಪಷ್ಟ ಇರ್ಲಿ. ಡಿವಿಡಿ ಮಾಡಿಕೊಡ್ತೀವಿ ಅಂತಾರೆ, ಬೇಡ, ಫೈಲೇ ಬೇಕು, ನಮ್ಮ ಹಾರ್ಡ್ ಡಿಸ್ಕಿಗೇ ಹಾಕಿಕೊಡಿ ಅನ್ನು. ಹಿನ್ನೆಲೆಗೆ ಹಾಡು ಸೇರಿಸಬೇಡಿ, ಅಲುಗಾಡಿರೋ ಭಾಗ ಕತ್ತರಿಸಬೇಡಿ, ಮೊದಲಿಂದ ಕೊನೆವರೆಗೆ ಇದ್ದದ್ದು ಇದ್ದ ಹಾಗೇ ಬೇಕು ಅನ್ನು. ಕ್ಯಾಮೆರಾದವನು ಆಫ್ ಮಾಡೋದು ಮರೆತು ಬಿಟ್ಟಿರೋ ತುಣುಕಲ್ಲೇ ಅಡುಗೆಮನೆ ಮಾತು, ಹೆಂಗಸರ ನಗು ಸಿಗೋದು, ಪುರೋಹಿತರ ಮುಂದೆ ಎಲ್ಲರೂ ಗಂಭೀರವಾಗಿ ಕೂತಿರ್ತಾರೆ. ನಮ್ಮ ದೇಶದ ಹಳೇ ಟಿವಿ, ಕ್ಯಾಸೆಟ್ಟಿಂದು ಪಾಲ್ ಅನ್ನೋ ಪದ್ಧತಿ, ಅಂದ್ರೆ 576 ಸಾಲು, ಸೆಕೆಂಡಿಗೆ 25 ಫ್ರೇಮ್. ಅದನ್ನ ಎಳೆದು ಎಚ್‌ಡಿ ಮಾಡಿಕೊಡ್ತೀವಿ ಅಂದ್ರೆ ಒಪ್ಕೋಬೇಡ, ಇಲ್ಲದ ವಿವರ ಎಲ್ಲಿಂದಲೂ ಬರಲ್ಲ, ಮುಖಗಳು ಮೇಣದ ಹಾಗೆ ನುಣ್ಣಗಾಗ್ತವೆ. ಅತ್ತೆ ಮನೆಯಲ್ಲಿ ಮಿನಿಡಿವಿ ಸಣ್ಣ ಟೇಪುಗಳಿವೆ, ಅವು ಡಿಜಿಟಲ್ಲೇ. ಅವನ್ನ ಫೈರ್‌ವೈರ್ ಕೇಬಲ್ಲಿಂದ ತೆಗೆಸ್ಬೇಕು, ಆಗ ಟೇಪಲ್ಲಿರೋದೇ ಅಕ್ಷರಶಃ ಬರುತ್ತೆ, ಕ್ಯಾಮೆರಾದಲ್ಲಿ ಆವತ್ತು ಇದ್ದ ತಾರೀಕು ಗಂಟೆ ಸಮೇತ. ಗಂಟೆಗೆ 13 ಜಿಬಿ ಹಿಡಿಯುತ್ತೆ, ಹಿಡೀಲಿ.

ಫೋಟೊಗೆ ಬರ್ತೀನಿ, ನಾನು ಮುಖ್ಯವಾಗಿ ಹೇಳ್ಬೇಕಾಗಿರೋದು ಇಲ್ಲೇ ಇದೆ. ಎಲ್ಲರೂ ಫೋಟೊನ ಈ ಗ್ರೂಪಿಗೇ ಕಳಿಸಿ ಅಂದಿದೀಯಲ್ಲ, ಅದು ಬೇಡ ಪುಟ್ಟು. ವಾಟ್ಸಾಪಲ್ಲಿ ಫೋಟೊ ಅಂತ ಕಳಿಸಿದ್ರೆ ಗಾತ್ರವೂ ಕುಗ್ಗುತ್ತೆ, ಯಾವತ್ತು ತೆಗೆದದ್ದು, ಎಲ್ಲಿ ತೆಗೆದದ್ದು ಅಂತ ಫೈಲಿನೊಳಗೆ ಇರೋ ಮಾಹಿತಿನೂ ಅಳಿಸಿಹೋಗುತ್ತೆ. ಆ ಮಾಹಿತಿಗೆ ಎಕ್ಸಿಫ್ ಅಂತಾರೆ. ಕಳಿಸಲೇಬೇಕಾದ್ರೆ ಡಾಕ್ಯುಮೆಂಟ್ ಅಂತ ಕಳಿಸಿ, ಹಾಗೇ ಉಳಿಯುತ್ತೆ. ಈಗಾಗಲೇ ವಾಟ್ಸಾಪಲ್ಲಿ ಮಾತ್ರ ಉಳಿದಿರೋ ಫೋಟೊಗಳ ಹೆಸರಲ್ಲಿ ಐಎಂಜಿ ಆದ್ಮೇಲೆ 20190412 ಅಂತ ಎಂಟು ಅಂಕಿ ಇರುತ್ತೆ, ಅದು ಬಂದ ದಿನ, ತೆಗೆದ ದಿನ ಅಲ್ಲ. ಆದ್ರೂ ಏನೂ ಇಲ್ಲದಕ್ಕಿಂತ ಮೇಲು, ಆ ಹೆಸರು ಬದಲಾಯಿಸಬೇಡ. ಗೂಗಲ್ ಫೋಟೋಸಲ್ಲಿ ಇರೋದನ್ನ ಟೇಕೌಟ್ ಅಂತ ಇದೆ, ಅದರಿಂದ ಒಟ್ಟಿಗೆ ಇಳಿಸ್ಕೋಬಹುದು. ಫೋಟೊ ಪಕ್ಕದಲ್ಲಿ ಜೇಸನ್ ಅಂತ ಸಣ್ಣ ಫೈಲುಗಳು ಬರ್ತವೆ, ಕಸ ಅಂತ ಅಳಿಸ್ಬೇಡ, ನಾವು ಅಲ್ಲಿ ಬರೆದ ವಿವರ, ಸರಿಮಾಡಿದ ತಾರೀಕು ಅದರಲ್ಲಿರುತ್ತೆ.

ಆಲ್ಬಮ್ಮಿನ ಹಳೇ ಫೋಟೊಗಳನ್ನ 600 ಡಿಪಿಐನಲ್ಲಿ, ಅಂದ್ರೆ ಅಂಗುಲಕ್ಕೆ 600 ಚುಕ್ಕೆ ಬರೋ ಹಾಗೆ, ಸ್ಕ್ಯಾನ್ ಮಾಡು. ಹಿಂಭಾಗವನ್ನೂ ಮಾಡು. ಅಲ್ಲಿ ಸ್ಟುಡಿಯೋ ಸೀಲು, ಇಸವಿ, ಒಮ್ಮೊಮ್ಮೆ ಅಜ್ಜಿಯ ಕೈಬರಹ ಇರುತ್ತೆ. ಸ್ಕ್ಯಾನ್ ಆದ ಫೈಲಿಗೆ ಕಂಪ್ಯೂಟರ್ ಇವತ್ತಿನ ತಾರೀಕು ಹಾಕಿರುತ್ತೆ, ಹಾಗೇ ಬಿಟ್ರೆ ಅಜ್ಜಿಯ ಮದುವೆ ಫೋಟೊ ಈ ವರ್ಷದ ದೀಪಾವಳಿ ಜೊತೆ ಬಂದು ಸೇರುತ್ತೆ. ಡಿಜಿಕ್ಯಾಮ್ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಸರಿಯಾದ ತಾರೀಕು, ಯಾರ್ಯಾರು ಇದಾರೆ, ಯಾವ ಊರು ಅಂತ ಬರೆದ್ರೆ ಫೋಟೊ ಫೈಲಿನೊಳಗೇ ಹೋಗಿ ಕೂರುವಂತೆ ಸೆಟ್ ಮಾಡ್ಬಹುದು.

ಆ ಒಳಗೇ ಅನ್ನೋದು ಮುಖ್ಯ. ಫೋಟೊ ನೋಡೋದಕ್ಕೆ ಇಮ್ಮಿಚ್ ಅಂತ ಹಾಕಿಕೊಡ್ತೀನಿ, ಗೂಗಲ್ ಫೋಟೋಸ್ ಹಾಗೇ ಕಾಣುತ್ತೆ, ಮುಖ ಗುರುತಿಸೋ ಕೆಲಸವೂ ನಮ್ಮ ಮನೆ ಯಂತ್ರದಲ್ಲೇ ಆಗುತ್ತೆ, ಫೋಟೊ ಹೊರಗೆ ಹೋಗಲ್ಲ. ಆದ್ರೆ ಅದರಲ್ಲಿ ನಾವು ಮುಖಕ್ಕೆ ಕೊಟ್ಟ ಹೆಸರು ಇಮ್ಮಿಚ್‌ನ ಡೇಟಾಬೇಸಲ್ಲಿರುತ್ತೆ, ಫೋಟೊದಲ್ಲಿ ಅಲ್ಲ. ಉಪ್ಪಿನಕಾಯಿ ಭರಣಿಯ ಮುಚ್ಚಳದ ಮೇಲೆ ಮಾತ್ರ ಹೆಸರು ಬರೆದ ಹಾಗೆ, ಮುಚ್ಚಳ ಬದಲಾದ್ರೆ ಒಳಗಿರೋದು ಮಾವಿನಮಿಡಿಯೋ ಅಪ್ಪೆಮಿಡಿಯೋ ಯಾರಿಗೂ ತಿಳಿಯಲ್ಲ. ಸಾಫ್ಟ್‌ವೇರ್ ಬರ್ತವೆ, ಹೋಗ್ತವೆ. ನಿನ್ನ ಮಗಳು ದೊಡ್ಡವಳಾದಾಗ ಯಾವ ಆ್ಯಪ್ ಇರುತ್ತೋ, ಫೋಟೊ ಒಂದನ್ನೇ ತೆರೆದ್ರೂ ಅವಳಿಗೆ ಇದು ನನ್ನ ಮುತ್ತಜ್ಜಿ ಅಂತ ಗೊತ್ತಾಗ್ಬೇಕು.

ವಿವರವನ್ನ ಕನ್ನಡದಲ್ಲೇ ಬರಿ, ಯೂನಿಕೋಡಲ್ಲಿ, ಅಂದ್ರೆ ಈಗ ಫೋನು ಕಂಪ್ಯೂಟರ್ ಎಲ್ಲದರಲ್ಲೂ ಬಳಸೋ ಅಕ್ಷರ ಪದ್ಧತಿಯಲ್ಲಿ. ಮಾವ ಹಿಂದೆ ನುಡಿಯ ಹಳೇ ಫಾಂಟಲ್ಲಿ ಟೈಪ್ ಮಾಡಿಟ್ಟಿರೋ ಪಟ್ಟಿ ಇದೆಯಲ್ಲ, ಅದು ಹಾಗೇ ಅಂಟಿಸಿದ್ರೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತೆ, ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಫೋಲ್ಡರ್ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರ್ಲಿ. ಇಂಥ ಸರ್ವರಿಗೆ ಸಾಮಾನ್ಯವಾಗಿ ಹಾಕೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಒತ್ತು ಗುಣಿತ ಸೇರಿದ್ರೆ ಬೇಗ ತುಂಬಿಹೋಗುತ್ತೆ. ಹೆಸರು ವರ್ಷದಿಂದ ಶುರುವಾಗ್ಲಿ, ಆಮೇಲೆ ತಿಂಗಳು, ಆಮೇಲೆ ದಿನ, ಆಮೇಲೆ ಊರು, ಸಮಾರಂಭ. ದಿನ ಮೊದಲು ಹಾಕಿದ್ರೆ ಎಲ್ಲ ವರ್ಷಗಳ 12ನೇ ತಾರೀಕೂ ಒಂದೇ ಕಡೆ ಗುಂಪಾಗುತ್ತೆ. ದಿನ ಗೊತ್ತಿಲ್ದಿದ್ರೆ ವರ್ಷ ಒಂದೇ ಹಾಕು, ಸುಳ್ಳು ತಾರೀಕು ಬೇಡ.

ದೊಡ್ಡಪ್ಪ, ನಿಮ್ಮ ಕೆಲಸ ಇದೇ. ಕಪ್ಪುಬಿಳುಪು ಫೋಟೊಗಳಲ್ಲಿ ಅರ್ಧ ಜನ ಯಾರು ಅಂತ ಈಗ ಹೇಳಬಲ್ಲವರು ನೀವು, ದೊಡ್ಡಮ್ಮ, ತೀರ್ಥಹಳ್ಳಿ ಅತ್ತೆ, ಮೂರೇ ಜನ. ಪುಟ್ಟು ಟಿವಿಯಲ್ಲಿ ಒಂದೊಂದೇ ಫೋಟೊ ಹಾಕ್ಲಿ, ನೀವು ನೋಡ್ತಾ ಮಾತಾಡಿ, ಪಕ್ಕದಲ್ಲಿ ಫೋನಲ್ಲಿ ಧ್ವನಿ ರೆಕಾರ್ಡ್ ಆಗ್ತಾ ಇರ್ಲಿ. ಹೆಸರು ಅಷ್ಟೇ ಅಲ್ಲ, ಆ ಸೀರೆ ಎಲ್ಲಿಂದ ತಂದಿದ್ದು, ಹಿಂದೆ ಕಾಣೋ ಮನೆ ಈಗ ಇದೆಯಾ, ಯಾರ ಜೊತೆ ಯಾರು ಮಾತು ಬಿಟ್ಟಿದ್ರು, ಎಲ್ಲ ಹೇಳಿ. ಕಣ್ಣು ಮಂಜಾಗಿದೆ ಅಂತೀರಿ, ಟಿವಿಯಲ್ಲಿ ದೊಡ್ಡದಾಗಿ ಕಾಣುತ್ತೆ. ಆ ಧ್ವನಿಯ ಫೈಲೂ ಅದೇ ಫೋಲ್ಡರಿಗೆ ಹೋಗುತ್ತೆ.

ಇನ್ನು ಕಾಪಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಫೋಟೊ ಕೆಲಸದವರು ಪಾಲಿಸೋ ನಿಯಮ ಇದು. ಎರಡು ಡಿಸ್ಕಲ್ಲೂ ಒಟ್ಟಿಗೆ ಒಂದೇ ಬರೆಯೋ ಹಾಗೆ ಜೋಡಿಸಿ ರೇಡ್ ಮಾಡಿದ್ರೆ ಬ್ಯಾಕಪ್ ಆಯ್ತು ಅಂದ್ಕೋಬೇಡ, ಒಂದರಲ್ಲಿ ತಪ್ಪಿ ಅಳಿಸಿದ್ದು ಇನ್ನೊಂದರಲ್ಲೂ ಆ ಕ್ಷಣವೇ ಅಳಿಸುತ್ತೆ, ಸಿಡಿಲು ಹೊಡೆದ್ರೆ ಎರಡೂ ಹೋಗುತ್ತೆ. ಎರಡನೇ ಡಿಸ್ಕನ್ನ ಕಾಪಿ ಆದ್ಮೇಲೆ ವೈರ್ ಕಿತ್ತು ಕಪಾಟಿಗೆ ಇಡು, ಸಿಲಿಕಾ ಜೆಲ್ ಪೊಟ್ಟಣದ ಜೊತೆ. ಮೂರನೇದು ಮೈಸೂರಲ್ಲಿ ನನ್ನ ಹತ್ರ ಇರ್ಲಿ. ಸಿನಿಮಾಗಳಿಗೆ ಇದ್ಯಾವುದೂ ಬೇಡ, ಮನೆಯದಕ್ಕೆ ಮಾತ್ರ.

ಡಲ್ಲಾಸಲ್ಲಿರೋ ಅಕ್ಕನಿಗೂ ಕಾಣಬೇಕು ಅಂದ್ರೆ ಟೇಲ್‌ಸ್ಕೇಲ್ ಹಾಕೋಣ, ದೂರದ ಸಾಧನಗಳನ್ನ ನಮ್ಮದೇ ಖಾಸಗಿ ನೆಟ್‌ವರ್ಕಿಗೆ ಸೇರಿಸೋ ಸಾಫ್ಟ್‌ವೇರ್ ಅದು. ನಮ್ಮಲ್ಲಿ ಎಷ್ಟೋ ಇಂಟರ್ನೆಟ್ ಕಂಪನಿಗಳು ಹಲವು ಮನೆಗೆ ಒಂದೇ ಐಪಿ ವಿಳಾಸ, ಅಂದ್ರೆ ಇಂಟರ್ನೆಟ್ಟಲ್ಲಿ ಮನೆ ಗುರುತಿಸೋ ನಂಬರು, ಹಂಚಿರ್ತವೆ, ಹೊರಗಿಂದ ನೇರ ಬರೋಕಾಗಲ್ಲ. ಬಂದ್ರೂ ರೌಟರಲ್ಲಿ ಬಾಗಿಲು ತೆರೆದಿಡೋದು ಕ್ಷೇಮ ಅಲ್ಲ. ಟೇಲ್‌ಸ್ಕೇಲಲ್ಲಿ ನಾವು ಸೇರಿಸಿದ ಫೋನುಗಳಿಗೆ ಮಾತ್ರ ದಾರಿ.

ಒಂದು ಸೂಕ್ಷ್ಮ ಇದೆ. ಎಲ್ಲ ವಿಡಿಯೋನೂ ಎಲ್ಲರಿಗೂ ತೋರಿಸ್ಬೇಕಾಗಿಲ್ಲ. ಕೆಲವು ಮದುವೆಗಳು ಉಳಿದಿಲ್ಲ, ಅವರು ಟಿವಿ ಹಾಕಿದ ಕೂಡ್ಲೇ ಅದು ಎದುರಿಗೆ ಬರಬಾರದು. ಮಕ್ಕಳ ಸ್ನಾನದ ಫೋಟೊನೂ ಹಾಗೇ. ಜೆಲ್ಲಿಫಿನ್ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೊಟ್ಟು, ಯಾರಿಗೆ ಯಾವ ಲೈಬ್ರರಿ ಅಂತ ಬೇರೆ ಮಾಡ್ಬಹುದು. ಯಾರಾದ್ರೂ ನನ್ನದು ತೆಗೀರಿ ಅಂದ್ರೆ ಕಾರಣ ಕೇಳದೆ ತೆಗೆಯೋಣ.

ಪುಟ್ಟು, ನಾಳೆ ಆ ಲ್ಯಾಪ್‌ಟಾಪ್ ಕೆಳಗಿರೋ ಸ್ಟಿಕ್ಕರಿನ ಫೋಟೊ ತೆಗೆದು ಕಳಿಸು, ಪ್ರೊಸೆಸರ್ ಯಾವುದು ಅಂತ ನೋಡಿ ಹೇಳ್ತೀನಿ. ಕ್ಯಾಸೆಟ್ಟುಗಳನ್ನೂ ಸಾಲಾಗಿ ಜೋಡಿಸಿ, ಮೇಲಿನ ಚೀಟಿ ಓದೋ ಹಾಗೆ ಒಂದು ಫೋಟೊ ತೆಗಿ, ಯಾವುದು ಮೊದಲು ಕೊಡಬೇಕು ಅಂತ ದೊಡ್ಡಪ್ಪನ ಜೊತೆ ಕೂತು ಗುರುತು ಹಾಕು. ತೀರ್ಥಹಳ್ಳಿ ಅತ್ತೆಗೆ ನಾನೇ ಫೋನ್ ಮಾಡ್ತೀನಿ, ಶನಿವಾರ ಅವರು ಸಾಗರಕ್ಕೆ ಬರೋಕಾಗುತ್ತಾ ಕೇಳಿ ಹೇಳ್ತೀನಿ.